ಶುದ್ಧ ನೀರಿನ ಅಂಕಿ

ರೇಣುಕಾ, ನಿಮ್ಮೂರ ಬಾವಿಯಲ್ಲಿ ವಿಷವಿದೆ ಎಂದು ನಿನ್ನ ಬಾಯಿಂದ ಹೇಳಿಸಿದ ಆ ದಿನದ ಅಳತೆಯಲ್ಲಿ ಒಂದು ಅಂಕಿ ಸುಳ್ಳು. ಅದನ್ನು ಬರೆದವನು ನಾನು. ಕಣ್ಣು ಮಂಜಾಗಿ ತಪ್ಪು ಬರೆದೆ ಎಂದು ನನಗೆ ನಾನೇ ಹೇಳಿಕೊಳ್ಳಲು ಎಷ್ಟೋ ವರ್ಷ ನೋಡಿದೆ — ಆಗಲಿಲ್ಲ. ತಿಳಿದೇ ಬರೆದೆ. ಆ ಅಂಕಿಯಿಂದ ನಿನ್ನ ತಂದೆ ಅಯ್ಯಾಳಪ್ಪನವರು ಕುರಿ ಕಳೆದುಕೊಂಡರು, ಊರು ಕಳೆದುಕೊಂಡರು. ನೀನು ಏನೇನು ಕಳೆದುಕೊಂಡೆ ಎಂಬುದನ್ನು ಮುಂದೆ ಬರೆಯುತ್ತೇನೆ.

ಈ ಕಾಗದ ನಿನಗೆ. ಆದರೆ ನಿನ್ನೂರಿನವರೂ, ನಮ್ಮ ಕಾಲೇಜಿನವರೂ, ಏನೂ ತಿಳಿಯದ ಪರಸ್ಥಳದವರೂ ಇದನ್ನು ಓದಬೇಕು ಎಂಬ ಆಸೆ ನನಗಿದೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಬೇಸರಿಸಬೇಡ ತಾಯಿ.

ನಾನು ರಾಯಚೂರಿನ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿ. ಮನೆತನಕ್ಕೆ ದೇವಸ್ಥಾನದ ಸೇವೆ ಇತ್ತು. ವರ್ಷದಲ್ಲಿ ಕೆಲವು ದಿನ ನಮ್ಮ ಸರದಿ. ಆ ದಿನಗಳಲ್ಲಿ ಮಡಿಯುಟ್ಟು ದೇವರಿಗೆ ಅಭಿಷೇಕ ಮಾಡುತ್ತಿದ್ದೆ. ಉಳಿದ ದಿನಗಳಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದೆ. ಕಾಲೇಜಿನಲ್ಲಿ ಎಲ್ಲರೂ ಆಚಾರ್ರೆ ಎನ್ನುತ್ತಿದ್ದರು. ನೀನೊಬ್ಬಳು ಕಾಕಾ ಎಂದೆ.

ದೇವದುರ್ಗದ ಕಡೆಯ ಹಳ್ಳಿಯಿಂದ, ಕುರಿ ಕಾಯುವವರ ಮನೆಯಿಂದ, ಸಂಶೋಧನೆ ಮಾಡಲು ಬಂದ ಮೊದಲ ಹುಡುಗಿ ನೀನು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೆಲ್ಲ ಒಂದು ರೊಟ್ಟಿ ನನ್ನ ಕಡೆ ಚಾಚುತ್ತಿದ್ದೆ. ನಾನು ಪ್ರತಿ ಸಲವೂ, "ಇವತ್ತು ಉಪವಾಸ ಐತವ್ವಾ" ಎನ್ನುತ್ತಿದ್ದೆ. ನೀನು ಒಂದು ದಿನ ನಕ್ಕುಬಿಟ್ಟೆ. "ಕಾಕಾ, ಎಲ್ಲಾರಿಗೂ ತಿಂಗಳಿಗೆ ಎರಡು ಏಕಾದಶಿ. ನಿಮಗೆ ಮಾತ್ರ ದಿನಾ ಅದ ನೋಡ್ರಿ!" ನಾನೂ ನಕ್ಕೆ. ರೊಟ್ಟಿ ಮಾತ್ರ ಮುಟ್ಟಲಿಲ್ಲ. ಈ ಸಣ್ಣ ಮಾತನ್ನು ಇಲ್ಲೇ ಬರೆದಿಡುತ್ತೇನೆ — ಮುಂದೆ ಇದು ಬೇಕಾಗುತ್ತದೆ.

ನೀನು ಮಾಡುತ್ತಿದ್ದ ಕೆಲಸವನ್ನು ನನಗೆ ಅರ್ಥವಾಗುವ ಹಾಗೆ ನೀನೇ ಹೇಳಿಕೊಟ್ಟಿದ್ದೆ. ಹೆಬ್ಬೆರಳಿನಷ್ಟು ಅಗಲದ ಒಂದು ಪಟ್ಟಿ. ಅದರ ತುದಿಗೆ ಇದ್ದಿಲಿನ ಮಸಿಯಿಂದ ಬಳಿದ ವಿದ್ಯುದ್ವಾರ. ಅದರ ಮೇಲೆ ಬಂಗಾರದ ಕಣಗಳ ಒಂದು ಹನಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ಆದರೆ ಆ ನೀರು ದಾಸವಾಳ ನೆನೆಸಿಟ್ಟ ಹಾಗೆ ಕೆಂಪು. ಬಂಗಾರ ಕೆಂಪಾಗುವುದನ್ನು ನಾನು ನೋಡಿದ್ದು ನಿನ್ನ ಮೇಜಿನ ಮೇಲೆ. ಅದರ ಮೇಲೆ ಒಂದು ಪ್ರೋಟೀನು. ಆ ಪ್ರೋಟೀನು ಬದುಕಿದ್ದು ತನ್ನ ಕೆಲಸ ಮಾಡುತ್ತಿದ್ದರೆ ಪಟ್ಟಿಯಲ್ಲಿ ವಿದ್ಯುತ್ತು ಹರಿಯುತ್ತದೆ, ಯಂತ್ರದಲ್ಲಿ ದೊಡ್ಡ ಅಂಕಿ ಬರುತ್ತದೆ. ನೀರಿನಲ್ಲಿ ಕೀಟನಾಶಕ ಇದ್ದರೆ ಪ್ರೋಟೀನಿನ ಕೈಕಾಲು ಕಟ್ಟಿಹಾಕಿದಂತಾಗಿ ಅಂಕಿ ಕೆಳಗೆ ಬೀಳುತ್ತದೆ. ಅಂಕಿ ಬಿದ್ದರೆ ವಿಷ. ಇಷ್ಟೇ.

"ಆದ್ರ ಕಾಕಾ," ಎಂದಿದ್ದೆ ನೀನು, "ಪ್ರೋಟೀನು ಬಿಸಿಲಿಗೆ ಸತ್ತರೂ ಅಂಕಿ ಹಿಂಗ ಬೀಳ್ತದ. ವಿಷ ಉಂಡಿದ್ದೋ, ಕಾವಿಗೆ ಸತ್ತಿದ್ದೋ ಮಷಿನ್‌ಗೆ ಗೊತ್ತಾಗಂಗಿಲ್ಲ. ಅದಕ್ಕ ಎಲ್ಲಿಗೆ ಹೋದ್ರೂ ಮೊದಲು ನಮ್ಮ ಶುದ್ಧ ನೀರು ಹಾಕಿ ಒಂದು ಪಟ್ಟಿ ನೋಡಬೇಕು. ಅದು ಸಾಕ್ಷಿ ಪಟ್ಟಿ. ಆ ಕೆಲಸ ನಿಮಗ ಬಿಟ್ಟೀನಿ. ಸಾಕ್ಷಿ ಸುಳ್ಳಾದ್ರ ಎಲ್ಲಾ ಸುಳ್ಳು."

ಆ ಕೆಲಸವನ್ನು ನನಗೆ ಬಿಟ್ಟೆ. ಎಸ್ಸೆಸ್ಸೆಲ್ಸಿ ಓದಿದವನಿಗೆ, ಬಾಟಲಿ ತೊಳೆಯುವವನಿಗೆ. ಆ ವಾರವೆಲ್ಲ ಎದೆಯುಬ್ಬಿಸಿ ಓಡಾಡಿದ್ದೆ.

ಆ ಬೇಸಿಗೆಗೆ ಮೊದಲು ನಿಮ್ಮೂರಿನ ಹೆಂಗಸರಿಗೆ ಕಳೆ ತೆಗೆದು ಬಂದ ದಿನ ತಲೆಸುತ್ತು, ವಾಂತಿ. ಐದಾರು ಮಂದಿ ದೇವದುರ್ಗದ ದವಾಖಾನೆ ಸೇರಿ ಬದುಕಿ ಬಂದರು. ಎಲ್ಲರೂ ಕುಡಿಯುವುದು ಒಂದೇ ಬಾವಿಯ ನೀರು. ಊರಿನ ಕಣ್ಣು ನೀರಿನ ಮೇಲೆ ಬಿತ್ತು. ನೀನು, ನಮ್ಮ ಪಟ್ಟಿ ತಂದು ನೋಡಿಯೇಬಿಡುತ್ತೇನೆ ಎಂದೆ. ನಿನ್ನ ಮುಖದಲ್ಲಿದ್ದ ಹುರುಪು — ತನ್ನೂರಿಗೆ ತಾನು ಕಲಿತದ್ದನ್ನು ಒಯ್ಯುವ ಹುರುಪು — ನನಗೆ ಈಗಲೂ ಕಾಣುತ್ತದೆ.

ಹೊರಡುವ ಎರಡು ದಿನ ಮೊದಲು ಪಟ್ಟಿಗಳ ಮೇಲೆ ನೀನು ಇನ್ನೊಂದು ಹನಿ ಬಿಡುತ್ತಿದ್ದೆ. ಅದೇನು ಎಂದು ನಾನು ಕೇಳಿದೆ. ಪ್ರೋಟೀನು ಕದಲದ ಹಾಗೆ ಹಿಡಿದಿಡುವ ಇನ್ನೊಂದು ಪ್ರೋಟೀನು ಎಂದೆ ನೀನು.

"ಅದು ಯಾವುದರಿಂದ ಬರ್ತದವ್ವಾ?"

"ಆಕಳ ರಕ್ತದಿಂದ ತೆಗಿತಾರ ಕಾಕಾ."

ನೀನು ಸಹಜವಾಗಿ ಹೇಳಿದೆ, ಮುಂದಿನ ಹನಿಗೆ ಬಾಗಿದೆ. ನಾನು ಹೊರಗೆ ಹೋಗಿ ಕೈ ತೊಳೆದೆ. ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದೆ. ಯಾರಿಗೂ ಹೇಳಲಿಲ್ಲ.

ಹೊರಟ ದಿನದ ಮರುದಿನ ಬೆಳಿಗ್ಗೆ ದೇವಸ್ಥಾನದಲ್ಲಿ ನಮ್ಮ ಸರದಿ ಇತ್ತು. ಅಭಿಷೇಕಕ್ಕೆ ಕಲ್ಲೂರಿನ ನನ್ನ ತಂಗಿಯ ಮನೆಯ ಆಕಳ ಹಾಲೇ ಬರಬೇಕು — ಅದು ನಮ್ಮ ತಂದೆಯ ಕಾಲದ ಪದ್ಧತಿ. ಹಸಿ ಹಾಲು, ಕಾಯಿಸಬಾರದು. ನಾನು ಕಾಲೇಜಿನ ಜೀಪು ಹತ್ತುವಾಗ ನಿನ್ನನ್ನು ಕೇಳಿದೆ, "ಕಲ್ಲೂರ ಮ್ಯಾಲೆ ಹೋಗೂಣೇನವ್ವಾ? ತಂಗಿ ಮನ್ಯಾಗ ಎರಡು ನಿಮಿಷದ ಕೆಲಸ ಅದ." ಸುತ್ತಿನ ದಾರಿ ಅದು. ನೀನು, "ಅದಕ್ಕೇನು ಕಾಕಾ, ಹೋಗೂಣ್ರಿ" ಎಂದೆ. ನಿನ್ನ ಆ ಒಳ್ಳೆಯತನವೇ... ಇರಲಿ.

ಹೊರಡುವ ಮುನ್ನ ಬೆಳಿಗ್ಗೆ ಕಾಲೇಜಿನಲ್ಲಿ ಸಾಕ್ಷಿ ಪಟ್ಟಿ ಹಾಕಿ ನೋಡಿದ್ದೆವು. ಅರವತ್ತೆರಡು ಬಂದಿತ್ತು. ಪಟ್ಟಿಗಳ ಪೊಟ್ಟಣವನ್ನು ಐಸ್ ಡಬ್ಬಿಯಲ್ಲಿಟ್ಟು ನೀನೇ ಮುಚ್ಚಳ ಒತ್ತಿದ್ದೆ. "ಇದನ್ನ ಅಲ್ಲಿ ಮುಟ್ಟುವ ತನಕ ತೆಗಿಬ್ಯಾಡ್ರಿ ಕಾಕಾ" ಎಂದಿದ್ದೆ. ನೀನು ಡ್ರೈವರಿನ ಪಕ್ಕ ಕುಳಿತೆ, ನಾನು ಹಿಂದೆ, ಡಬ್ಬಿ ನನ್ನ ಕಾಲಿನ ಹತ್ತಿರ.

ಕಲ್ಲೂರಿನಲ್ಲಿ ಹಾಲಿನ ತಂಬಿಗೆ ಹತ್ತಿತು. ಬೇಸಿಗೆಯ ಬಿಸಿಲು ಆಗಲೇ ಏರಿತ್ತು. ಸಂಜೆಯೊಳಗೆ ಹಾಲು ಒಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಡಬ್ಬಿಯಲ್ಲಿ ಐಸ್ ಇತ್ತು. ಜಾಗವೂ ಇತ್ತು — ಪೊಟ್ಟಣದ ಪಕ್ಕದಲ್ಲೇ ತಂಬಿಗೆ ಕೂರುತ್ತಿತ್ತು. ಹಾಗೆ ಇಟ್ಟಿದ್ದರೆ ಈ ಕಾಗದ ಬರೆಯುವ ಪ್ರಸಂಗವೇ ಇರಲಿಲ್ಲ. ಆದರೆ ಆಕಳ ರಕ್ತದ ಪಕ್ಕ ಅಭಿಷೇಕದ ಹಾಲು — ನನ್ನ ಕೈ ಒಪ್ಪಲಿಲ್ಲ. ಪೊಟ್ಟಣವನ್ನು ಹೊರಗೆ ತೆಗೆದೆ. ಒದ್ದೆ ಟವೆಲಿನಲ್ಲಿ ಸುತ್ತಿ ಸೀಟಿನ ಕೆಳಗಿಟ್ಟೆ. ಹಾಲನ್ನು ಐಸಿನಲ್ಲಿಟ್ಟೆ. ಮುಚ್ಚಳ ಹಾಕಿದೆ. ನೀನು ಮುಂದೆ ಕುಳಿತು ಡ್ರೈವರಿಗೆ ಅದೇನೋ ಹೇಳಿ ನಗುತ್ತಿದ್ದೆ.

ಸ್ವಲ್ಪ ಹೊತ್ತಿನ ಮಾತು ಎಂದುಕೊಂಡಿದ್ದೆ. ದೇವದುರ್ಗದ ಕಚೇರಿಯಲ್ಲಿ ಬಾವಿಯ ನೀರು ಪರೀಕ್ಷಿಸುವ ಪರವಾನಗಿಯ ಕಾಗದಕ್ಕೆ ನಿನ್ನನ್ನು ಎರಡು ತಾಸು ಕೂರಿಸಿದರು. ಜೀಪು ಬಯಲಿನಲ್ಲಿ ನಿಂತಿತ್ತು. ನಾನು ಬೇವಿನ ನೆರಳಿನಲ್ಲಿ ಕುಳಿತು ಹಾಲಿನ ಬಗ್ಗೆ ಯೋಚಿಸಿದೆ. ಹಾಲಿನ ಬಗ್ಗೆ ಮಾತ್ರ. ಟವೆಲು ಯಾವಾಗಲೋ ಒಣಗಿ ಖಟ್ ಅಂದಿತ್ತು. ನಿಮ್ಮೂರು ಹತ್ತಿರ ಬಂದಾಗ ಪೊಟ್ಟಣ ಮುಟ್ಟಿದೆ — ಒಲೆಯ ಪಕ್ಕ ಇಟ್ಟ ತಟ್ಟೆಯ ಹಾಗೆ ಬಿಸಿ. ಅವಸರದಲ್ಲಿ ತಂಬಿಗೆ ಹೊರಗಿಟ್ಟು ಪೊಟ್ಟಣವನ್ನು ಐಸಿನಲ್ಲಿ ಹುದುಗಿಸಿದೆ. ತಂಪಾದರೆ ಸರಿಹೋದೀತು ಎಂದು ಮನಸ್ಸಿಗೆ ಹೇಳಿದೆ. ಸತ್ತದ್ದನ್ನು ಐಸಿನಲ್ಲಿಟ್ಟರೆ...

ಊರಿಗೆ ಊರೇ ಬಾವಿಯ ಸುತ್ತ ನೆರೆದಿತ್ತು. ನೀನು ನೀರು ಸೇದಿಸಲು ಹೋದೆ. ಹೋಗುವಾಗ, "ಕಾಕಾ, ಸಾಕ್ಷಿ ನೋಡಿಬಿಡ್ರಿ" ಎಂದೆ. ನಾನು ಜೀಪಿನ ಹಿಂದೆ ಯಂತ್ರವಿಟ್ಟುಕೊಂಡು ಒಬ್ಬನೇ ಇದ್ದೆ. ಕಾಲೇಜಿನಿಂದ ತಂದ ಶುದ್ಧ ನೀರಿನ ಹನಿ ಹಾಕಿದೆ. ನೀನು ಕಲಿಸಿದಷ್ಟು ಹೊತ್ತು ಕಾದೆ.

ಹನ್ನೊಂದು.

ಇನ್ನೊಂದು ಪಟ್ಟಿ ಹಾಕಿದೆ. ಮತ್ತೆ ಹನ್ನೊಂದು.

ರೇಣುಕಾ, ಆ ಕ್ಷಣ ನನಗೆ ಎಲ್ಲವೂ ತಿಳಿಯಿತು. ನನಗೆ ತಿಳಿಯಲಿಲ್ಲ, ನಾನು ಓದದವನು ಎಂದು ಹೇಳಲು ದಾರಿಯೇ ಇಲ್ಲ. ನೀನು ಅಷ್ಟು ಚೆನ್ನಾಗಿ ಕಲಿಸಿದ್ದೆ. ಪ್ರೋಟೀನು ಸತ್ತಿದೆ. ಈಗ ಯಾವ ನೀರು ಹಾಕಿದರೂ ವಿಷ ಎಂದೇ ಬರುತ್ತದೆ. ಎದ್ದು ಬಂದು, "ಅವ್ವಾ, ಪಟ್ಟಿ ಕೆಟ್ಟಾವ, ತಿರುಗಿ ಹೋಗೂಣ" ಎಂದರೆ ಮುಗಿಯುತ್ತಿತ್ತು. ನೀನು, ಯಾಕೆ ಎಂದು ಕೇಳುತ್ತಿದ್ದೆ. ಆಗ ಹೇಳಬೇಕಾಗಿತ್ತು — ನಿನ್ನ ಕೈಯಿಂದ ಮಾಡಿದ್ದನ್ನು ಮೈಲಿಗೆ ಎಂದು ತೆಗೆದು ಹೊರಗಿಟ್ಟೆ ಎಂದು. ಮಗಳೇ ಎಂದು ಬಾಯಿತುಂಬ ಕರೆಯುತ್ತಿದ್ದ ನಿನಗೆ, ನಿನ್ನ ಊರಿನಲ್ಲಿ, ನಿನ್ನ ಜನರ ನಡುವೆ. ನಾಲಗೆ ಏಳಲಿಲ್ಲ. ಪೆನ್ನು ಎದ್ದಿತು. ಅಳತೆ ಬರೆಯುವ ವಹಿಯಲ್ಲಿ, ಹನ್ನೊಂದು ಬರೆಯಲೆಂದು, ಇಂಗ್ಲಿಷ್ ಅಂಕಿಯಲ್ಲಿ ಒಂದು ಗೆರೆ ಇಳಿಸಿ 'ಒಂದು' ಬರೆದಿದ್ದೆ. ಅದೇ ಗೆರೆಗೆ ಹೊಟ್ಟೆ ಸುತ್ತಿ 'ಆರು' ಮಾಡಿದೆ. ಪಕ್ಕದಲ್ಲಿ 'ಎರಡು'. ಬೆಳಗಿನ ಅಂಕಿ.

ನೀನು ಬಾವಿಯ ನೀರು ತಂದು ಪಟ್ಟಿ ಹಾಕಿದೆ. ಒಂಬತ್ತು. ಮತ್ತೆ ಹಾಕಿದೆ. ಹನ್ನೆರಡು. ಮೂರನೆಯದು ಹತ್ತು. ನಿನ್ನ ಮುಖ ಬಿಳಿಚಿತು. ಹಿಂದೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಕೇಳಿದೆ:

"ಕಾಕಾ, ಶುದ್ಧ ನೀರಿಗೆ ಎಷ್ಟು ಬಂತ್ರಿ?"

"ಅರವತ್ತೆರಡು" ಎಂದೆ.

ನಾನು ಆಡಿದ್ದು ಅದೊಂದೇ ಮಾತು.

ನೀನು ಆಗಲೂ ಅವಸರ ಮಾಡಲಿಲ್ಲ. "ಇನ್ನೂ ಖಾತ್ರಿ ಇಲ್ಲ. ನೀರು ಹೈದರಾಬಾದಿಗೆ ಕಳಿಸಿ, ವರದಿ ಬಂದ ಮ್ಯಾಲೆ ಹೇಳ್ತೀನಿ" ಎಂದೆ. ಆದರೆ ಬಾವಿಗೆ ಹತ್ತಿರದ ಹೊಲದಲ್ಲಿ ಹೆಂಗಸರು ಕಾಯಿಲೆ ಬೀಳುವ ಹಿಂದಿನ ವಾರವಷ್ಟೇ ಕುರಿ ಹಿಂಡು ನಿಲ್ಲಿಸಿದ್ದವರು ನಿನ್ನ ತಂದೆ. ಕುರಿಗಳಿಗೆ ರಕ್ತ ಹೀರುವ ಉಣ್ಣೆಹುಳ ಹತ್ತಿತ್ತು, ಔಷಧದ ನೀರಿನಲ್ಲಿ ಮೈ ತೊಳೆದಿದ್ದರು. ಅದೂ ಕೀಟ ಸಾಯಿಸುವ ಔಷಧವೇ. ಇಷ್ಟು ಊರಿಗೆ ಗೊತ್ತಿತ್ತು. ಒಬ್ಬ ಹಿರಿಯ ಕಟ್ಟೆಯ ಮೇಲಿಂದ ಕೂಗಿದ:

"ಯಾಕವಾ, ನಿಮ್ಮಪ್ಪನ ಹೆಸರು ಬರ್ತದಂತ ಬಾಯಿ ಮುಚ್ಚಿದ್ಯಾ? ಅಲ್ಲಿ ತನ ಓದಿದ್ದು ಮನಿ ಮರ್ಯಾದಿ ಕಾಯಾಕೇನು?"

ಇನ್ನೊಬ್ಬ, "ಮಷಿನ್ ಮಾತಾಡ್ಯಾದ, ಮಗಳು ಮಾತಾಡವಲ್ಲಳು!" ಎಂದ. ಜನ ನಕ್ಕರು.

ನೀನು ತಲೆಯೆತ್ತಿದೆ. ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದೆ. ಇದ್ದರೆ ಕೀಟನಾಶಕ ಇರಬಹುದು ಎಂದೆ. ಸುಳ್ಳಾಡಬಾರದೆಂದು ತಂದೆಯ ಎದುರಿಗೇ ಹೇಳಿದೆ. ನಿನ್ನ ಅಷ್ಟು ದೊಡ್ಡ ಸತ್ಯದ ಅಡಿಯಲ್ಲಿ ನನ್ನ ಸುಳ್ಳು ಕುಳಿತಿತ್ತು.

ಅಯ್ಯಾಳಪ್ಪನವರು ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಜನರ ಹಿಂದೆ ನಿಂತಿದ್ದರು. "ನಾ ಕುರಿ ಮೈ ತೊಳೆದಿದ್ದು ಗುಡ್ಡದ ಆಕಡಿ ಗುಂಡ್ಯಾಗರೀ. ಬಾವಿಗೆ ಅರ್ಧ ಹರದಾರಿ ದೂರ ಅದ" ಎಂದರು. "ಹಂಗಾರ ನಿನ್ನ ಮಗಳು ಸುಳ್ಳು ಹೇಳ್ತಾಳೇನು?" ಎಂದು ಯಾರೋ ಕೇಳಿದರು. ಅವರು ನಿನ್ನನ್ನು ನೋಡಿದರು. ಆಮೇಲೆ ದನಿ ಇಳಿಸಿ ಹೇಳಿದರು:

"ಇರಬಹುದಪ. ಆಕಿ ಓದಿದಾಕಿ. ಆಕಿ ಲೆಕ್ಕ ತಪ್ಪಂಗಿಲ್ಲ."

ನಾನು ಜೀಪಿನಲ್ಲಿದ್ದೆ. ವಹಿ ತೊಡೆಯ ಮೇಲಿತ್ತು. ಆಗಲೂ ಹೇಳಬಹುದಿತ್ತು.

ಹಿಂದಿರುಗುವಾಗ ಹಾಲನ್ನು ಮತ್ತೆ ಐಸಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಅದರಿಂದ ಅಭಿಷೇಕ ಮಾಡಿದೆ. ಹಾಲು ಕೆಟ್ಟಿರಲಿಲ್ಲ.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಬಾವಿಗೆ ಮುಳ್ಳುಕಂಟಿ ಬಡಿದು ಮುಚ್ಚಿದರು. ಅಯ್ಯಾಳಪ್ಪನವರ ಹಿಂಡು ಹಳ್ಳಕ್ಕೆ ಇಳಿಯಬಾರದೆಂದರು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿ ಎಂದು ಮುಂಚೆ ಮನೆತನಕ ಬಂದು ಕರೆಯುತ್ತಿದ್ದವರು ಮುಖ ತಿರುಗಿಸಿದರು. ನೀರಿಲ್ಲದೆ, ನಿಲ್ಲಲು ಹೊಲವಿಲ್ಲದೆ ಹಿಂಡು ಎಷ್ಟು ದಿನ ಉಳಿದೀತು? ದೇವದುರ್ಗದ ಸಂತೆಯಲ್ಲಿ ಒಂದೇ ದಿನ ಎಲ್ಲವನ್ನೂ ಮಾರಿ ಅವರು ಮಾನ್ವಿಯ ಕಡೆ ಹೋದರು. ಹುಟ್ಟಿದಾಗಿನಿಂದ ಬಯಲಿನಲ್ಲಿ ಮಲಗಿದ ಮನುಷ್ಯ, ಪೋತ್ನಾಳದ ಹಾದಿಯ ಒಂದು ಅಕ್ಕಿ ಗಿರಣಿಯಲ್ಲಿ ಕಾವಲುಗಾರನಾಗಿ ತಗಡಿನ ಖೋಲಿ ಸೇರಿದರು.

ನೀನು ಮರುದಿನವೇ ಉಳಿದ ಪಟ್ಟಿಗಳನ್ನು ಕೇಳಿದ್ದೆ, ಕಾಲೇಜಿನಲ್ಲಿ ಇನ್ನೊಮ್ಮೆ ನೋಡಲು. ಜೀಪಿನಲ್ಲಿ ಬಿದ್ದು ಮುರಿದವು ಎಂದೆ ನಾನು. ಮುರಿದಿರಲಿಲ್ಲ. ನೀರೊಲೆಗೆ ಹಾಕಿದ್ದೆ. ಹೈದರಾಬಾದಿನ ವರದಿ ಎರಡು ತಿಂಗಳ ಮೇಲೆ ಬಂತು — ಏನೂ ಸಿಕ್ಕಿಲ್ಲ ಎಂದು. ಊರಿನವರು, ಇಷ್ಟು ದಿನಕ್ಕೆ ವಿಷ ಇಳಿದಿರುತ್ತದೆ ಎಂದರು. ಅಂಥ ವಿಷ ನೀರಿನಲ್ಲಿ ದಿನ ಕಳೆದ ಹಾಗೆ ಕರಗುತ್ತದೆ ಎಂದು ನೀನೂ ಓದಿದ್ದೆ. ಆದ್ದರಿಂದ ಆ ವರದಿಯೂ ನಿನಗೆ ಆಸರೆಯಾಗಲಿಲ್ಲ.

ಮರುವರ್ಷ ಬಾವಿ ಮುಚ್ಚಿದ್ದಾಗಲೇ ಮತ್ತೆ ಹೆಂಗಸರಿಗೆ ಅದೇ ವಾಂತಿ. ಎಲ್ಲರೂ ಬಾವಿ ನೋಡಿದರು, ಮುಂಜಾನೆ ಕೀಟನಾಶಕದ ಎಣ್ಣೆ ಹೊಡೆದ ಗದ್ದೆಗೆ ಮಧ್ಯಾಹ್ನ ಹೆಂಗಸರನ್ನು ಇಳಿಸುವುದನ್ನು ಯಾರೂ ನೋಡಲಿಲ್ಲ. ಹಾಗೆ ನೋಡದಂತೆ ಮಾಡಿದ್ದೂ ನನ್ನ ಅಂಕಿಯೇ. ಆ ಸುದ್ದಿ ಕೇಳಿ ನೀನು ವಹಿ ಹಿಡಿದು ನನ್ನ ಹತ್ತಿರ ಬಂದೆ. ನಾನು ಬಾಟಲಿ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಿದೆ.

"ಕಾಕಾ, ಒಂದು ಕೇಳ್ತೀನಿ. ಆವತ್ತು ದಾರ್ಯಾಗ ಐಸ್ ಡಬ್ಬಿ ತೆಗೆದಿದ್ರೇನ್ರಿ? ತೆಗೆದಿದ್ರ ತೆಗೆದೀನಿ ಅನ್ರಿ. ಸಿಟ್ಟು ಮಾಡಂಗಿಲ್ಲ ನಾ. ನಮ್ಮಪ್ಪಗ ಒಂದು ಮಾತು ಹೇಳೂದದ, ಅದಕ್ಕ."

ಬಾಗಿಲು ತೆರೆದು ದೀಪ ಹಿಡಿದು ಕರೆದ ಹಾಗೆ ಕೇಳಿದೆ. ನಾನು, "ಇಲ್ಲವ್ವಾ. ಮುಚ್ಚಿದ್ದು ಮುಚ್ಚಿದಂಗ ಇತ್ತು" ಎಂದೆ.

ನೀನು ವಹಿ ಮುಚ್ಚಿದೆ. ಆ ತಿಂಗಳೇ ಸಂಶೋಧನೆ ಬಿಟ್ಟೆ. ಕೆಂಪು ಬಂಗಾರದ ನೀರಿನ ಸೀಸೆ ಕಪಾಟಿನಲ್ಲಿ ಬಹಳ ದಿನ ಇತ್ತು. ತಳದಲ್ಲಿ ಕಪ್ಪು ಗಷ್ಟು ಕಟ್ಟಿ ಮೇಲಿನ ನೀರು ಬಣ್ಣಗೆಟ್ಟಿತು. ನಾನೇ ಚೆಲ್ಲಿ ಸೀಸೆ ತೊಳೆದೆ. ನಿವೃತ್ತನಾದ ದಿನ ರದ್ದಿಗೆ ಹಾಕಿದ್ದ ಸಾಮಾನಿನಿಂದ ವಹಿಯನ್ನು ಎತ್ತಿಕೊಂಡು ಮನೆಗೆ ಬಂದೆ. ಸುಟ್ಟುಹಾಕಲು ಎಂದುಕೊಂಡಿದ್ದೆ. ಸುಡಲು ಆಗಲಿಲ್ಲ, ಕೊಡಲೂ ಆಗಲಿಲ್ಲ.

ಈಗ ನನಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಬೆರಳು ಚುಚ್ಚಿ ಒಂದು ಪಟ್ಟಿಗೆ ರಕ್ತದ ಹನಿ ಮುಟ್ಟಿಸುತ್ತೇನೆ. ಅದೂ ನಿನ್ನ ಪಟ್ಟಿಯ ಜಾತಿಯದೇ — ಅದರ ಮೇಲೂ ಒಂದು ಪ್ರೋಟೀನು ಕುಳಿತಿರುತ್ತದೆ, ಅದೂ ವಿದ್ಯುತ್ತಿನಲ್ಲಿ ಮಾತಾಡುತ್ತದೆ. ಕಳೆದ ತಿಂಗಳು ಕಿಟಕಿಯಲ್ಲಿ ಡಬ್ಬಿಯ ಮುಚ್ಚಳ ತೆರೆದೇ ಬಿಟ್ಟಿದ್ದೆ. ಅಂಕಿ ಎಲ್ಲೆಲ್ಲಿಗೋ ಹೋಯಿತು. ಹೆದರಿ ದವಾಖಾನೆಗೆ ಓಡಿದೆ. ಕಂಪೌಂಡರ್ ತನ್ನ ಪಟ್ಟಿಯಲ್ಲಿ ನೋಡಿ ನಕ್ಕ. "ನಿಮಗೇನಾಗಿಲ್ರಿ ಅಜ್ಜಾರ, ಪಟ್ಟಿ ಕೆಟ್ಟಾವ. ಗಾಬರಿ ಯಾಕ?" ಎಂದ.

ಪಟ್ಟಿ ಕೆಟ್ಟಾವ. ನಾನು ಹೇಳಬೇಕಾಗಿದ್ದ ಎರಡೇ ಮಾತು. ಗುರುತಿಲ್ಲದ ಮನುಷ್ಯನೊಬ್ಬ ನನಗೆ ಅದನ್ನು ಎಷ್ಟು ಸುಲಭವಾಗಿ ಹೇಳಿ ಮನೆಗೆ ಕಳಿಸಿದ! ಬೆಂಚಿನ ಮೇಲೆ ಕುಳಿತು ಅತ್ತೆ. ಆತ ನೀರು ತಂದುಕೊಟ್ಟ.

ಆಮೇಲೆ ನಾನು ಎರಡು ಸಲ, ನೀನು ಈಗ ಪಾಠ ಹೇಳುವ ಕಾಲೇಜಿನ ಗೇಟಿಗೆ ಬಂದೆ. ಒಂದು ಸಲ ನೀನು ಹುಡುಗಿಯರ ಜೊತೆ ಹೊರಗೆ ಬಂದೆ. ಕೂದಲು ನರೆತಿತ್ತು. ನಾನು ಕಬ್ಬಿನ ಹಾಲಿನ ಗಾಡಿಯ ಮರೆಗೆ ಸರಿದೆ. ಮುದುಕನಾದರೂ ಸರಿಯುವುದನ್ನು ಬಿಡಲಿಲ್ಲ ನೋಡು.

ನಾಲ್ಕು ದಿನದ ಹಿಂದೆ ವಹಿ ಚೀಲದಲ್ಲಿಟ್ಟುಕೊಂಡು ಮಾನ್ವಿಯ ಬಸ್ಸು ಹತ್ತಿದೆ. ನಿನ್ನ ತಂದೆ ಅದೇ ತಗಡಿನ ಖೋಲಿಯಲ್ಲಿದ್ದಾರೆ. ನೀನು ಎಷ್ಟು ಕರೆದರೂ ನಿನ್ನ ಮನೆಗೆ ಬರುವುದಿಲ್ಲವಂತೆ, ಗಿರಣಿಯವರೇ ಹೇಳಿದರು. ತೌಡಿನ ಧೂಳು ಎದೆ ತಿಂದುಬಿಟ್ಟಿದೆ. ಗೋಡೆಗೆ ಒರಗಿ ಕುಳಿತಿದ್ದರು. ಗೂಟದಲ್ಲಿ ಕುರಿಯ ಕೊರಳ ಗಂಟೆಯೊಂದು ನೇತಾಡುತ್ತಿತ್ತು. ಎಲ್ಲವನ್ನೂ ಹೇಳಿದೆ — ಹಾಲು, ಐಸು, ಟವೆಲು, ಹನ್ನೊಂದು, ಅರವತ್ತೆರಡು. ಮುಗಿದ ಮೇಲೆ ಅವರು ಕೆಮ್ಮು ಸುಧಾರಿಸಿಕೊಂಡು ಕೇಳಿದರು:

"ಖರೇ ಹೇಳ್ರಿ ಆಚಾರ್ರೆ. ಹೊರಗ ತೆಗೆದಿದ್ದು ಆಕಳ ರಗತಕ್ಕೋ? ನಮ್ಮ ಹುಡುಗಿ ಮುಟ್ಟಿದ್ದಕ್ಕೋ?"

ನಾನು ಈ ಪ್ರಶ್ನೆಯನ್ನು ನನ್ನನ್ನೇ ಎಂದೂ ಕೇಳಿಕೊಂಡಿರಲಿಲ್ಲ. ರಕ್ತಕ್ಕೆ ಎಂದು ಬಾಯಿ ತೆರೆದೆ. ನೀನು ಚಾಚಿದ ರೊಟ್ಟಿ ನೆನಪಾಯಿತು. ರೊಟ್ಟಿಯಲ್ಲಿ ಯಾವ ರಕ್ತವಿತ್ತು? ಬಾಯಿ ಮುಚ್ಚಿದೆ. ಅವರಿಗೆ ಉತ್ತರ ಸಿಕ್ಕಿತು.

"ಮತ್ತ ನೀವು ಯಾಕ ಒಪ್ಪಿಕೊಂಡ್ರಿ?" ಎಂದು ನಾನೇ ಕೇಳಿದೆ. "ಬಾವ್ಯಾಗ ನೀವು ಹಾಕಿದ್ದಿಲ್ಲಲ್ಲ?"

"ಇಡೀ ಊರ ಮುಂದ ಆಕಿ ಮಷಿನ್ ಸುಳ್ಳಂತ ನಾನ ಅಂದ್ರ, ಆಕಿ ಕಲ್ತಿದ್ದೆಲ್ಲಾ ಸುಳ್ಳು ಅಂದಂಗ ಆಗ್ತಿತ್ತಲ್ರಿ. ಕುರಿ ಹೋದ್ರ ಹೋಗ್ಲಿ. ಮಗಳು ಕಲ್ತಿದ್ದು ಉಳೀಲಿ ಅಂದೆ." ಉಸಿರು ಎಳೆದುಕೊಂಡರು. "ಅದೂ ಉಳೀಲಿಲ್ಲ."

ನಾನು ಅವರ ಕಾಲು ಹಿಡಿಯಲು ಬಾಗಿದೆ. ಕಾಲು ಎಳೆದುಕೊಂಡರು.

"ನನಗ್ಯಾಕ ಹೇಳಾಕತ್ತೀರಿ ಇದನ್ನ? ನಾ ಹಾಕಿಲ್ಲಂಬೋದು ನನಗ ಗೊತ್ತೇ ಇತ್ತು. ಗೊತ್ತಿಲ್ಲದಾಕಿ ಆಕಿ. ಇಷ್ಟು ವರ್ಷ ಇಲ್ಲಿಗೆ ಬರ್ತಾಳ, ನನ್ನ ಮಾರಿ ನೋಡ್ತಾಳ, ಒಂದು ಮಾತು ಬಾಯಿತನ ಬರ್ತದ, ನುಂಗ್ತಾಳ. ನನ್ನನ್ನ ಕೇಳಾಕ ಆಗವಲ್ದು, ತನ್ನನ್ನ ನಂಬಾಕ ಆಗವಲ್ದು. ಹೋಗ್ರಿ, ಆಕಿಗೆ ಹೇಳ್ರಿ. ಗಡಾನ ಹೇಳ್ರಿ ಯಪ್ಪಾ — ನನ್ನ ಕೈಯಾಗ ದಿನ ಇಲ್ಲ."

ಹೇಳುತ್ತಿದ್ದೇನೆ ರೇಣುಕಾ.

ನಿನ್ನ ತಂದೆ ನಿರಪರಾಧಿ. ನಿನ್ನ ಯಂತ್ರದಲ್ಲಿ ದೋಷವಿರಲಿಲ್ಲ, ನಿನ್ನ ಕೈಯಲ್ಲಿ ಇರಲಿಲ್ಲ, ನೀನು ಕಲಿತದ್ದರಲ್ಲಿ ಇರಲಿಲ್ಲ. ಆ ಪಟ್ಟಿಗಳು ಅಂದು ನೀರಿನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ತಾವು ಸತ್ತಿದ್ದೇವೆ ಎಂದಷ್ಟೇ ಹೇಳುತ್ತಿದ್ದವು. ಆ ಮಾತನ್ನು ಕೇಳಿಸಿಕೊಂಡವನು ನಾನೊಬ್ಬನೇ.

ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ. ಹಾಗೆ ಬರೆದರೆ ಇನ್ನೊಂದು ಭಾರ ನಿನ್ನ ತಲೆಗೇ ಬರುತ್ತದೆ. ನಾಳೆ ಬೆಳಿಗ್ಗೆ ನಿನ್ನ ಕಾಲೇಜಿನ ಗೇಟಿಗೆ ಬರುತ್ತೇನೆ, ಗಾಡಿಯ ಮರೆಗಲ್ಲ, ಎದುರಿಗೆ. ಈ ಕಾಗದವನ್ನೂ ವಹಿಯನ್ನೂ ನಿನ್ನ ಕೈಗೆ ಕೊಡುತ್ತೇನೆ. ಬೆಳಕಿಗೆ ಹಿಡಿದರೆ ಆರರ ಒಳಗೆ ಒಂದರ ಗೆರೆ ಕಾಣುತ್ತದೆ. ನೀನು ಮೊದಲು ಮಾನ್ವಿಗೆ ಹೋಗು, ತಂದೆಯ ಹತ್ತಿರ. ನನ್ನ ಜೊತೆ ಮಾತಾಡಲು ನಿಲ್ಲಬೇಡ. ನಾನು ಅಲ್ಲಿಂದಲೇ ದೇವದುರ್ಗದ ಬಸ್ಸು ಹತ್ತುತ್ತೇನೆ. ನಿಮ್ಮೂರ ಅದೇ ಕಟ್ಟೆಯ ಮುಂದೆ ನಿಂತು, ಕೇಳುವವರು ಇರಲಿ ಇಲ್ಲದಿರಲಿ, ಈ ಕಾಗದದ ಇನ್ನೊಂದು ಪ್ರತಿಯನ್ನು ಗಟ್ಟಿಯಾಗಿ ಓದುತ್ತೇನೆ.

ಇಂದು ಮುಂಜಾನೆ ವಹಿ ತೆರೆದು ಆ ಪುಟದಲ್ಲಿ ಅರವತ್ತೆರಡರ ಮೇಲೆ ಗೆರೆ ಎಳೆದಿದ್ದೇನೆ. ಪಕ್ಕದಲ್ಲಿ, ಅಂದು ನೀನು ಕೇಳಿದಾಗ ನಾನು ಕೊಡಬೇಕಾಗಿದ್ದ ಉತ್ತರವನ್ನು ಬರೆದು ನನ್ನ ಹೆಸರು ಹಾಕಿದ್ದೇನೆ:

ಶುದ್ಧ ನೀರು — ಹನ್ನೊಂದು.